ಹಿನ್ನೀರಿನ ನಡುವೆ ಒಂದು ದೇವಾಲಯ



ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಇಟ್ಟಿಗೆ, ಸುಣ್ಣದ ಗಾರೆಗಳಿಂದ ಕಟ್ಟಿಸಿದ ಆಲಯವದು. ಅಬ್ಬೆ ಡುಬಾಯ್ ಅವರೇ ಅದನ್ನು ಕಟ್ಟಿಸಿದರೆಂಬ ಮಾತು ಜನಜನಿತವಾಗಿದೆ. ಆದರೆ ಅವರು 1823ರಲ್ಲಿಯೇ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಮರಳಿದ್ದರು. ಕಟ್ಟಡವು ಕೈಬಿಟ್ಟಲ್ಲಿ ಅದರ ಚರಿತ್ರೆಯೂ ಕೈತಪ್ಪುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹೊಲಗಳಿಗೆ ನೀರು ಬಂದಿತು. ಆದರೆ ಶೆಟ್ಟಿಹಳ್ಳಿಯ ಜನರು ಊರು ತೊರೆಯಬೇಕಾಯಿತು. ಅಂದಿನಿಂದ ಮಳೆಗಾಲದಲ್ಲಿ ದೇವಾಲಯವು ಹಿನ್ನೀರಿನಲ್ಲಿ ಮುಳುಗುವುದು, ಬೇಸಿಗೆಯಲ್ಲಿ ಹೊರಬರುವುದು. ಛಾವಣಿ ಇಲ್ಲ, ಗೋಡೆಗಳ ಭಾಗಗಳೂ ಕುಸಿದಿವೆ. ಇಂದು ಅಲ್ಲಿಗೆ ದೂರದೂರುಗಳಿಂದ ಪ್ರವಾಸಿಗರು ಬಂದು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ನಿಂತಿದ್ದಾಗ ಇಲ್ಲದ ಕೀರ್ತಿ ಅದಕ್ಕೆ ಬಿದ್ದಮೇಲೆ ಬಂದಿದೆ!

ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇಗುಲದ ಕಥೆ ಬೇರೆ. ಈ ಶತಮಾನದ ಆರಂಭದಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಬಿಡಿಸಿ, ಎತ್ತರದ ನೆಲದಲ್ಲಿ ಪುನಃ ಜೋಡಿಸಿದರು. ಕಲ್ಲಿನ ಗುಡಿಯನ್ನು ಹೀಗೆ ಸ್ಥಳಾಂತರಿಸುವುದು ಸಾಧ್ಯ. ಇಟ್ಟಿಗೆ ಗಾರೆಯ ಗೋಡೆ ಬಿಡಿಸಿದರೆ ಪುಡಿಯಾಗುತ್ತದೆ. ನಮ್ಮ ಬಹುಪಾಲು ಹಳ್ಳಿಯ ದೇವಾಲಯಗಳು ಈ ಎರಡನೆಯ ಬಗೆಯವು. ನಿಂತಲ್ಲಿಯೇ ಕಾಪಾಡುವುದೊಂದೇ ಅವುಗಳಿಗಿರುವ ದಾರಿ.

ಕಾನೂನು ಕಾಪಾಡದೆ? ಎಂದು ಕೆಲವರು ಕೇಳಬಹುದು. 1958ರ ಕೇಂದ್ರ ಶಾಸನದ ಪ್ರಕಾರ ಪುರಾತನ ಸ್ಮಾರಕವೆನಿಸಲು ಕಟ್ಟಡಕ್ಕೆ ನೂರು ವರ್ಷವಾದರೂ ತುಂಬಿರಬೇಕು. ಆದರೆ ಸರ್ಕಾರ ಪ್ರಕಟಣೆ ಹೊರಡಿಸದೆ ವಯಸ್ಸೊಂದರಿಂದಲೇ ರಕ್ಷಣೆ ದೊರೆಯದು. ಧರ್ಮಸಭೆಯ ನಿಲುವಾದರೋ ಸ್ಪಷ್ಟ. ಪವಿತ್ರ ಪರಿಕರಗಳೂ ಬೆಲೆಯುಳ್ಳ ಕಲಾಕೃತಿಗಳೂ ಚದುರಿಹೋಗದಂತೆ ಧರ್ಮಾಧ್ಯಕ್ಷರು ಎಚ್ಚರ ವಹಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ವಿಧಿಸಿದೆ.

ನಮ್ಮ ಈ ದೇವಾಲಯಕ್ಕೂ ಈಗ ನೂರು ತುಂಬಿದೆ. ಇದನ್ನು ಕೆಡವಿ ಕಾಂಕ್ರೀಟಿನ ವಿಶಾಲ ಮಂದಿರವನ್ನು ಕಟ್ಟಬೇಕೆಂದು ಹಲವರು ನನ್ನಲ್ಲಿ ಕೇಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಹಬ್ಬದ ದಿನ ಅರ್ಧ ಜನ ಬಿಸಿಲಿನಲ್ಲಿ ನಿಂತು ಬಲಿಪೂಜೆ ಕೇಳುತ್ತಾರೆ. ಅದಕ್ಕೆ ಪಕ್ಕದಲ್ಲೊಂದು ಚಪ್ಪರಮಂಟಪ ಸಾಕು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತದೆ ಸುಣ್ಣದ ಗಾರೆಯನ್ನೇ ಬಳಸೋಣ. ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಹಳೆಯ ಇಟ್ಟಿಗೆಯನ್ನು ಕೊರೆಯುತ್ತದೆ. ಪ್ರತಿ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸೋಣ.

ಶೆಟ್ಟಿಹಳ್ಳಿಯವರಿಗೆ ಆಯ್ಕೆಯಿರಲಿಲ್ಲ, ನಮಗಿದೆ. ನಮ್ಮ ಹಿರಿಯರು ಜ್ಞಾನಸ್ನಾನ ಪಡೆದ ಈ ಮನೆಯನ್ನು ನಮ್ಮ ಮೊಮ್ಮಕ್ಕಳು ಚಿತ್ರಪಟದಲ್ಲಿ ಮಾತ್ರ ಕಾಣುವಂತಾಗದಿರಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.