ಹಾಡಿನೊಳಗಿನ ದಂಗೆ

ಮುಧೋಳ ಸಂಸ್ಥಾನದ ಹಲಗಲಿಗೆ ಬ್ರಿಟಿಷರ ದಂಡು ಬಂದದ್ದು 1857ರ ನವೆಂಬರ್ ಕೊನೆಗೆ. ಆಯುಧ ಒಪ್ಪಿಸಬೇಕೆಂಬ ಹುಕುಮಿಗೆ ಊರಿನ ಬೇಡರು ಜಗ್ಗಿರಲಿಲ್ಲ. ದಂಡು ಊರಿಗೆ ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಸರ್ಕಾರದ ಲೆಕ್ಕದಲ್ಲಿ ಪ್ರಕರಣ ಅಲ್ಲಿಗೆ ಮುಗಿಯಿತು.

ಹಾಡುಗಾರರ ಲೆಕ್ಕದಲ್ಲಿ ಮುಗಿಯಲಿಲ್ಲ. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿಯೊಂದು ಜಡಗ, ಬಾಲ, ಹನುಮ, ರಾಮ ಎಂಬ ನಾಲ್ವರ ಹೆಸರು ಹೊತ್ತು ಊರೂರು ತಿರುಗಿತು. ಈ ಲಾವಣಿಯ ಕೊನೆಯ ಭಾಗ ವಿಚಿತ್ರವಾಗಿದೆ. ಕದನದ ಆರ್ಭಟವೆಲ್ಲ ಮುಗಿದ ಮೇಲೆ ಕವಿ ದಂಡಿನವರು ದೋಚಿದ ಸಾಮಾನು ಎಣಿಸುತ್ತ ಹೋಗುತ್ತಾನೆ: ಬೀಸುಕಲ್ಲು, ಅಕ್ಕಿ, ಬೆಲ್ಲ, ಚರಿಗಿ, ಕೊಡಲಿ, ಕಡೆಗೆ ಹೆಂಗಸರ ಮಂಗಳಸೂತ್ರ. ದೊರೆಗಳ ಆಡಳಿತ ಎಂಥದ್ದೆಂದು ಹೇಳಲು ಅವನಿಗೆ ಬೇರೆ ವಾದ ಬೇಕಾಗಿಲ್ಲ. ಪಂಚನಾಮೆಯಂಥ ಈ ಪಟ್ಟಿಯೇ ಆರೋಪಪಟ್ಟಿ. ಇದೇ ಲಾವಣಿ ಮುಂದೆ ಹತ್ತನೆಯ ತರಗತಿಯ ಕನ್ನಡ ಪಠ್ಯವಾಗಿ, ಮಕ್ಕಳು ಅದರ ಸಂದರ್ಭ–ಸ್ವಾರಸ್ಯ ಬರೆಯುವಂತಾಯಿತು.

ಇದನ್ನು ಕಾಗದಕ್ಕಿಳಿಸಿ ಅಚ್ಚು ಹಾಕಿಸಿದ ಮೊದಲಿಗ ಬ್ರಿಟಿಷ್ ಸರ್ಕಾರದ ಅಧಿಕಾರಿಯೇ, ಜಾನ್ ಫೇಯ್ತ್‌ಫುಲ್ ಫ್ಲೀಟ್. ಶಾಸನ ಓದುವುದರಲ್ಲಿ ಪಳಗಿದ ಕೈ ಅದು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಎರಡನೆಯ ಪುಲಕೇಶಿಯನ್ನು ಹೊಗಳಿ 634ರಲ್ಲಿ ಕೆತ್ತಿಸಿದ ಸಂಸ್ಕೃತ ಕಾವ್ಯವನ್ನೂ ಅವನು ಸಂಪಾದಿಸಿದ್ದ. ರವಿಕೀರ್ತಿ ರಾಜನನ್ನು ಹೊಗಳಿದ್ದಲ್ಲದೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ; ಆಸ್ಥಾನ ಕವಿಗೆ ಆ ಧೈರ್ಯಕ್ಕೆ ಯಾವ ಅಡ್ಡಿ! ಲಾವಣಿಕಾರನಿಗೆ ಕಲ್ಲೂ ಇರಲಿಲ್ಲ, ಕಾಪಾಡುವ ರಾಜನೂ ಇರಲಿಲ್ಲ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಫ್ಲೀಟ್ ಪ್ರಕಟಿಸತೊಡಗಿದ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯಿದೆ, ಹಲಗಲಿಯಿದೆ, ಅವುಗಳ ಜೊತೆಗೆ ಇನ್‌ಕಮ್ ಟ್ಯಾಕ್ಸಿನ ಮೇಲೊಂದು ಲಾವಣಿಯೂ ಇದೆ. ಆದಾಯ ತೆರಿಗೆ ಈ ದೇಶಕ್ಕೆ ಬಂದದ್ದು 1860ರಲ್ಲಿ. ತೆರಿಗೆ ಕಟ್ಟಿಸಿಕೊಳ್ಳುವ ಸರ್ಕಾರದ ಅಧಿಕಾರಿಯೇ ಅದರ ಮೇಲಿನ ಹಾಡನ್ನು ಜೋಪಾನ ಮಾಡಿದ.

ಮುಂದೆ ಗಾಂಧಿಯುಗ. ನೆರೆಯ ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿಯಂಥವರು ಗೀಗೀ ಪದಗಳಲ್ಲಿ ಸ್ವರಾಜ್ಯದ ಮಾತು ತಂದರು. ಗೀಗೀ ಮೇಳಕ್ಕೆ ಹರದೇಶಿ–ನಾಗೇಶಿ ವಾದ ಹುಟ್ಟುಗುಣ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಜಗಳಾಡುವ ಕಲೆಗೆ ಖಾದಿ–ವಿಲಾಯಿತಿ ಬಟ್ಟೆಯ ಜಗಳ ಹೊಸದೇನಲ್ಲ. ವೇದಿಕೆ ಹತ್ತಿ ಭಾಷಣ ಮಾಡಿದವನ ಮಾತು ಪೊಲೀಸರ ದಫ್ತರ ಸೇರುತ್ತಿತ್ತು. ಡಪ್ಪು, ತುಂತುಣಿಯ ಜೊತೆ ಬಂದ ಅದೇ ಮಾತು ಕೇಳುಗರ ಬಾಯಿ ಸೇರಿ ಮರುದಿನ ಹೊಲದಲ್ಲಿ ಕೇಳಿಸುತ್ತಿತ್ತು.

ಈ ಜಾಣತನ ಅತಿ ದೂರ ಹೋದದ್ದು ಬೀಳಗಿಯ ಒಂದು ಕೊರಳಿನ ಮೂಲಕ. ಬೀಳಗಿಯಲ್ಲಿ ಹುಟ್ಟಿ ಮುಂಬೈ ಚಿತ್ರರಂಗ ಸೇರಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಖಾನ್ ಮಸ್ತಾನ ಜೊತೆ ಒಂದು ಹಾಡು ಹಾಡಿದರು. ಸಾಹಿತ್ಯ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಚಿತ್ರದಲ್ಲಿ ಅದು ರಂಗದ ಮೇಲೆ ನಡೆಯುವ ಹಾಡು: ತೆರೆಯೊಳಗೊಂದು ವೇದಿಕೆ. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ವರ್ಷವೂ ತುಂಬಿರಲಿಲ್ಲ, ಗಾಂಧೀಜಿ ಸೆರೆಯಲ್ಲಿದ್ದರು. ಪದಗಳಲ್ಲಿ ಜರ್ಮನಿ, ಜಪಾನಿನ ಹೆಸರಿತ್ತು. ಯುದ್ಧಕಾಲದ ಸೆನ್ಸಾರಿಗೆ ಅಷ್ಟೇ ಸಾಕಾಯಿತು. ನಿಜವಾದ ಗುರಿ ಯಾರೆಂದು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಥಿಯೇಟರುಗಳಲ್ಲಿ ಹಾಡನ್ನು ಮತ್ತೆ ಮತ್ತೆ ಹಾಕಿಸಿದರು. ಕಲ್ಕತ್ತೆಯ ರಾಕ್ಸಿಯಲ್ಲಿ ಚಿತ್ರ ಮೂರು ವರ್ಷ ದಾಟಿ ಓಡಿತು. ಸರ್ಕಾರಕ್ಕೆ ಅರ್ಥ ಹೊಳೆಯುವ ಹೊತ್ತಿಗೆ ಬಂಧನದ ಭಯದಿಂದ ತಲೆಮರೆಸಿಕೊಂಡವರು ಕವಿ ಪ್ರದೀಪ್. ರಹಮತ್ ತರೀಕೆರೆ ಅಮೀರಬಾಯಿಯ ಜೀವನಚರಿತ್ರೆ ಬರೆಯುವವರೆಗೆ ಆ ಧ್ವನಿ ಬೀಳಗಿಯದೆಂಬುದು ಕನ್ನಡದ ಬಹುಪಾಲು ಓದುಗರಿಗೆ ಗೊತ್ತಿರಲಿಲ್ಲ ಎನ್ನಬೇಕು.

ಸ್ವಾತಂತ್ರ್ಯದ ಮೇಲೆ ಸರ್ಕಾರವೇ ಮೇಳ ಕರೆಸಿತು. ಕೇಂದ್ರದ ಗೀತ ಮತ್ತು ನಾಟಕ ವಿಭಾಗ ಶುರುವಾದದ್ದು 1954ರಲ್ಲಿ. ಕುಟುಂಬ ಯೋಜನೆ, ಸಾಕ್ಷರತೆ, ಸಣ್ಣ ಉಳಿತಾಯ ಗೀಗೀ ಧಾಟಿಗೆ ಬಂದವು. ಧಾಟಿ ಹಳೆಯದು, ಸಾಹಿತ್ಯ ಇಲಾಖೆಯದು. ಇಂಥ ಪದಗಳಲ್ಲಿ ಹಲಗಲಿಯ ಬೀಸುಕಲ್ಲಿನಂಥ ಒಂದು ವಸ್ತು ಸಿಗುವುದು ಕಷ್ಟ.

ಇನ್ನು ನೇರ ಮಾತು ಸೇರಿಕೊಂಡದ್ದು ನಾಟಕದ ಟೆಂಟುಗಳನ್ನು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ವೃತ್ತಿನಾಟಕ ಕಂಪನಿಗಳು ಇಂದಿಗೂ ಬಂದು ಬೀಡುಬಿಡುತ್ತವೆ. ನಾಯಕ ರಂಗಗೀತೆ ಹಾಡಿ ಒಳಗೆ ಹೋಗುತ್ತಾನೆ. ಹಾಸ್ಯಪಾತ್ರದವನು ಬಂದು ಮಂತ್ರಿಗಳನ್ನೂ ಓಟಿನ ಹಂಗಾಮನ್ನೂ ಹಾಸ್ಯಕ್ಕೆಳೆದು ಸಿಳ್ಳೆ ಗಿಟ್ಟಿಸುತ್ತಾನೆ. ಆ ಮಾತುಗಳು ಬರೆದಿಟ್ಟ ನಾಟಕದಲ್ಲಿ ಇರುವುದಿಲ್ಲ, ಮರುರಾತ್ರಿಯ ಆಟಕ್ಕೆ ಬದಲಾಗಿಯೂ ಇರುತ್ತವೆ.