ಸಾಕುಮನೆಯ ಸಂದರ್ಶಕರ ಶಿಕ್ಷಣ: ಬ್ರಿಟನ್ನಿನ ಒಂದು ಅಧ್ಯಾಯ

ನಮ್ಮ ಭಾಷೆಯಲ್ಲಿ ‘ಸಾಕುಮಗ’ ಎಂಬ ಮಾತು ದತ್ತುಪುತ್ರನಿಗೂ ಸಲ್ಲುತ್ತದೆ, ಪರರ ಮನೆಯಲ್ಲಿ ಕೆಲಕಾಲ ಬೆಳೆಯುವ ಮಗುವಿಗೂ ಸಲ್ಲುತ್ತದೆ. ಇಲ್ಲಿ ನಾವು ಎರಡನೆಯ ಅರ್ಥವನ್ನೇ ಹಿಡಿದಿದ್ದೇವೆ. ಇಂತಹ ಮಕ್ಕಳಿಗೆ ಮನೆ ಆರಿಸುವ ಕಾರ್ಯವು ಬ್ರಿಟನ್ನಿನಲ್ಲಿ ಶಿಕ್ಷಣ ಪಡೆದವರ ವೃತ್ತಿಯಾದ ಬಗೆಯೇ ನಮ್ಮ ವಿಷಯ.

1945ರ ಜನವರಿ 9ರಂದು ಶ್ರಾಪ್‌ಷೈರಿನ ಹೊಲಮನೆಯೊಂದರಲ್ಲಿ ಡೆನ್ನಿಸ್ ಓನೀಲ್ ಎಂಬ 12 ವರ್ಷದ ಬಾಲಕನು ಹಸಿವೆಯಿಂದಲೂ ಹೊಡೆತದಿಂದಲೂ ಸತ್ತನು. ಅವನನ್ನು ಅಲ್ಲಿರಿಸಿದ್ದುದು ನ್ಯೂಪೋರ್ಟ್ ಪೌರಸಭೆ. ಸಾಕುತಂದೆಗೆ ನರಹತ್ಯೆಗಾಗಿ 6 ವರ್ಷಗಳ ಸೆರೆಯಾಯಿತು. ಸರ್ ವಾಲ್ಟರ್ ಮಾಂಕ್ಟನ್ ನಡೆಸಿದ ವಿಚಾರಣೆಯಲ್ಲಿ, ಎರಡು ಸ್ಥಳೀಯ ಆಡಳಿತಗಳ ನಡುವೆ ಹೊಣೆ ಯಾರದೆಂಬುದೇ ಗೊಂದಲವಾಗಿದ್ದಿತೆಂಬುದು ಹೊರಬಿದ್ದಿತು. ಆದರೆ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೆ. 1944ರ ಡಿಸೆಂಬರ್ 20ರಂದು ನ್ಯೂಪೋರ್ಟಿನ ಕಚೇರಿಯ ಗುಮಾಸ್ತೆಯೊಬ್ಬಳು ಆ ಮನೆಗೆ ಹೋಗಿದ್ದಳು. ಹುಡುಗನ ಸ್ಥಿತಿ ಅವಳ ಕಣ್ಣಿಗೆ ಬಿದ್ದಿತು. ಅವನನ್ನು ಅಲ್ಲಿಂದ ಬಿಡಿಸಬೇಕೆಂದು ಬರೆದಳು. ಕ್ರಮ ಜರುಗುವ ಮೊದಲೇ ಅವನು ತೀರಿಕೊಂಡನು. ಕಾಣುವ ಕಣ್ಣು ಇರಲಿಲ್ಲವೆನ್ನುವಂತಿಲ್ಲ. ಕಂಡುದಕ್ಕೆ ಬೆಲೆ ಕೊಡಿಸಬಲ್ಲ ಪದವಿ ಆ ಕಣ್ಣಿಗಿರಲಿಲ್ಲ.

ಮೈರಾ ಕರ್ಟಿಸ್ ಅವರ ಅಧ್ಯಕ್ಷತೆಯ ಸಮಿತಿಯು ಈ ಸಾವಿನ ಫಲವೆಂದು ಹೇಳುವ ವಾಡಿಕೆಯುಂಟು. ಅದು ಪೂರ್ಣ ಸತ್ಯವಲ್ಲ. ಲೇಡಿ ಆಲೆನ್ ಅವರು ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದ 1944ರ ಜುಲೈ ತಿಂಗಳದು. ಆ ವರ್ಷದ ಅಂತ್ಯಕ್ಕೆ ಸರಕಾರವು ವಿಚಾರಣೆಗೆ ಒಪ್ಪಿದ್ದಿತು. ಸಮಿತಿಯು 1946ರಲ್ಲಿ ಮುಖ್ಯ ವರದಿಗೆ ಮೊದಲೇ ತರಬೇತಿಯ ಬಗ್ಗೆ ಮಧ್ಯಂತರ ವರದಿಯೊಂದನ್ನು ಸಲ್ಲಿಸಿತು. ಕಾಯಿದೆಗಿಂತ ಮುಂಚೆ ಜನ ಸಿದ್ಧರಾಗಬೇಕೆಂಬ ಈ ಅನುಕ್ರಮ ನಮಗೆ ಸರಿಯೆನಿಸುತ್ತದೆ.

1947ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನಲ್ಲಿ ಶಿಶುಪಾಲನೆಯ ಶಿಕ್ಷಣಕ್ರಮ ಆರಂಭವಾಯಿತು. ಅದನ್ನು ನಡೆಸಿದ ಕ್ಲೇರ್ ಬ್ರಿಟನ್ ಅವರು ಯುದ್ಧಕಾಲದಲ್ಲಿ ಆಕ್ಸ್‌ಫರ್ಡ್‌ಷೈರಿನ ವಸತಿಗೃಹಗಳಲ್ಲಿ, ಪರರ ಮನೆಗಳಲ್ಲಿ ನೆಲೆನಿಲ್ಲದ ಮಕ್ಕಳೊಡನೆ ಕೆಲಸ ಮಾಡಿದವರು, ಡಾ. ವಿನಿಕಾಟ್ ಅಲ್ಲಿ ಅವರ ಸಹೋದ್ಯೋಗಿ. ಮನೆ ಚೊಕ್ಕಟವಾಗಿದೆಯೇ, ಹಾಸಿಗೆಯಿದೆಯೇ ಎಂದು ನೋಡಿಬರುವುದಷ್ಟೇ ಸಾಲದು. ತಂದೆತಾಯಿಗಳನ್ನು ಅಗಲಿದ ಮಗುವಿನ ದುಃಖವನ್ನು ಅದರ ಬಾಯಿಂದಲೇ ಕೇಳಬೇಕು ಎಂಬುದು ಅವರ ಬೋಧನೆಯ ತಿರುಳು.

1948ರ ಮಕ್ಕಳ ಕಾಯಿದೆಯು ಪ್ರತಿಯೊಂದು ಆಡಳಿತಕ್ಕೂ ಒಬ್ಬ ಮಕ್ಕಳ ಅಧಿಕಾರಿಯನ್ನು ವಿಧಿಸಿತು. ಸಾಧ್ಯವಾದೆಡೆ ಅನಾಥಾಲಯಕ್ಕಿಂತ ಸಾಕುಮನೆಯೇ ಮೇಲೆಂದಿತು. ಗುಮಾಸ್ತೆಗಿಲ್ಲದ ಪದವಿಯು ಹೀಗೆ ಸಂದರ್ಶಕರ ಕೆಲಸಕ್ಕೆ ದೊರೆಯಿತು. ಆದರೆ ಈ ಇಲಾಖೆಗಳು ಉಳಿದುದು ಇಪ್ಪತ್ತಮೂರು ವರ್ಷಗಳಷ್ಟೇ: 1971ರಲ್ಲಿ ವೃದ್ಧರ, ಅಂಗವಿಕಲರ ಸೇವೆಗಳೊಡನೆ ಇವನ್ನೂ ಕೂಡಿಸಿ ಒಂದೇ ಸಮಾಜಸೇವಾ ಇಲಾಖೆಯನ್ನಾಗಿ ಮಾಡಲಾಯಿತು.