1960ರ ‘ಸೈಕೋ’ ಸಿನಿಮಾಗೆ 4ಕೆ ಡಿಸ್ಕ್: ಇದು ಮೋಸವೇ?

“ಆ ಕಾಲದಲ್ಲಿ ಎಚ್‌ಡಿ ಕ್ಯಾಮೆರಾನೇ ಇರಲಿಲ್ಲ, ಮತ್ತೆ 4ಕೆ ಎಲ್ಲಿಂದ ಬಂತು?” ಹಳೆಯ ಸಿನಿಮಾದ ಹೊಸ ಡಿಸ್ಕ್ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಸರಿಯಲ್ಲ. ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಥ್ರಿಲ್ಲರ್ ‘ಸೈಕೋ’ವನ್ನೇ ತೆಗೆದುಕೊಳ್ಳೋಣ. ಅದರ 4ಕೆ ಡಿಸ್ಕ್ ಬಂದದ್ದು 2020ರಲ್ಲಿ.

‘ಸೈಕೋ’ ಚಿತ್ರೀಕರಣವಾದದ್ದು 35 ಮಿ.ಮೀ. ಕಪ್ಪು-ಬಿಳುಪು ಫಿಲ್ಮ್ ಮೇಲೆ. ಫಿಲ್ಮ್‌ನಲ್ಲಿ ಪಿಕ್ಸೆಲ್‌ಗಳಿಲ್ಲ. ಬೆಳಕು ತಾಗಿದಲ್ಲಿ ಬದಲಾಗುವ ಬೆಳ್ಳಿಯ ಸಂಯುಕ್ತದ ಸೂಕ್ಷ್ಮ ಕಣಗಳಿವೆ. ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಅದರಲ್ಲಿರುವ ವಿವರ ಫುಲ್ ಎಚ್‌ಡಿಗಿಂತ ಹೆಚ್ಚು. ಒಂದೊಂದೇ ಫ್ರೇಮನ್ನು ಸ್ಕ್ಯಾನ್ ಮಾಡಿದಾಗ ಸಿಗುವುದು 60 ವರ್ಷದಿಂದ ಅಲ್ಲೇ ಕುಳಿತಿದ್ದ ಚಿತ್ರ.

ಕೊರತೆ ಇದ್ದದ್ದು ನಮ್ಮ ಮನೆಯ ಸಾಧನಗಳಲ್ಲಿ. ಬಾಡಿಗೆಗೆ ತರುತ್ತಿದ್ದ ವಿಸಿಡಿಯ ಒಂದು ಫ್ರೇಮ್‌ನಲ್ಲಿ ಇದ್ದದ್ದು 352×288, ಅಂದರೆ ಸುಮಾರು 1 ಲಕ್ಷ ಪಿಕ್ಸೆಲ್. ಡಿವಿಡಿಯಲ್ಲಿ ಸುಮಾರು 4 ಲಕ್ಷ, ಫುಲ್ ಎಚ್‌ಡಿಯಲ್ಲಿ 20 ಲಕ್ಷ ದಾಟುತ್ತದೆ, 4ಕೆಯಲ್ಲಿ 83 ಲಕ್ಷದ ಹತ್ತಿರ. ವಿಸಿಡಿಯಲ್ಲಿ ನೋಡಿ “ಹಳೇ ಸಿನಿಮಾ, ಅದಕ್ಕೇ ಮಸುಕು” ಅಂದುಕೊಂಡೆವಲ್ಲ, ಆ ಮಸುಕಿನಲ್ಲಿ ದೊಡ್ಡ ಪಾಲು ಡಿಸ್ಕಿನದು.

ತಮಾಷೆ ಏನೆಂದರೆ, ಹೊಸ ಸಿನಿಮಾಗಳೇ ಇಲ್ಲಿ ಸೋಲಬಹುದು. ಮೈಕೆಲ್ ಮಾನ್ ನಿರ್ದೇಶನದ ಥ್ರಿಲ್ಲರ್ ‘ಕೊಲ್ಯಾಟರಲ್’ (2004) ಬಹುಪಾಲು ಅಂದಿನ ಡಿಜಿಟಲ್ ಎಚ್‌ಡಿ ಕ್ಯಾಮೆರಾಗಳಲ್ಲಿ ಚಿತ್ರಿತವಾಯಿತು. ಆ ದೃಶ್ಯಗಳಲ್ಲಿ ದಾಖಲಾದ ವಿವರ ಎಚ್‌ಡಿಯಷ್ಟೇ. ಅದಕ್ಕೂ 4ಕೆ ಡಿಸ್ಕ್ ಇದೆ, ಆದರೆ ಅಲ್ಲಿ ಚಿತ್ರವನ್ನು ಹಿಗ್ಗಿಸಲೇಬೇಕು. 44 ವರ್ಷ ಹಳೆಯ ‘ಸೈಕೋ’ಗೆ ಆ ಗತಿ ಇಲ್ಲ.

ಇನ್ನೊಂದು ದೂರು: “4ಕೆ ಅಂತೀರಿ, ಆದರೆ ಚಿತ್ರದಲ್ಲಿ ಚುಕ್ಕಿ ಚುಕ್ಕಿ ಅಲುಗಾಡುತ್ತದೆ.” ಅದು ಫಿಲ್ಮ್‌ನ ಗ್ರೇನ್. ದೋಷವಲ್ಲ, ಚಿತ್ರ ಮೂಡಿರುವುದೇ ಅದರಿಂದ. ಸಾಫ್ಟ್‌ವೇರ್ ಹಾಕಿ ಉಜ್ಜಿ ತೆಗೆದರೆ ಚರ್ಮದ ಸುಕ್ಕು, ಬಟ್ಟೆಯ ನೇಯ್ಗೆ ಕೂಡ ಹೋಗಿ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ‘ಪ್ರಿಡೇಟರ್’ ಚಿತ್ರದ 2010ರ ಬ್ಲೂ-ರೇ ಟೀಕೆಗೆ ಗುರಿಯಾದದ್ದು ಇದೇ ಕಾರಣಕ್ಕೆ. “ಎಐ 4ಕೆ 60 ಎಫ್‌ಪಿಎಸ್” ಎಂದು ಫಾರ್ವರ್ಡ್ ಆಗುವ ಹಳೆಯ ಕ್ಲಿಪ್‌ಗಳ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಇಲ್ಲದ ವಿವರವನ್ನು, ಇಲ್ಲದ ಫ್ರೇಮ್‌ಗಳನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ. ನಿಜವಾಗಿ ಅನುಮಾನಪಡಬೇಕಾದದ್ದು ಇವುಗಳ ಬಗ್ಗೆ.

ಇನ್ನು ಧ್ವನಿ. ‘ಸೈಕೋ’ ಮೂಲದಲ್ಲಿ ಮಾನೋ, ಅಂದರೆ ಮಾತು, ಸದ್ದು, ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಸಂಗೀತ ಎಲ್ಲವೂ ಒಂದೇ ಚಾನೆಲ್‌ನಲ್ಲಿ. 2010ರ ಬ್ಲೂ-ರೇಯಲ್ಲಿ ಸಿಗುವ 5.1 ಧ್ವನಿ, ಆ ಒಂದು ಟ್ರ್ಯಾಕ್‌ನಿಂದ ಕಂಪ್ಯೂಟರ್ ಮೂಲಕ ಸದ್ದುಗಳನ್ನು ಬೇರ್ಪಡಿಸಿ ಹಂಚಿದ್ದು. ಕೆಟ್ಟದ್ದೇನಲ್ಲ, ಆದರೆ 1960ರ ಪ್ರೇಕ್ಷಕರು ಕೇಳಿದ್ದು ಅದಲ್ಲ. ಮೂಲ ಮಾನೋ ಟ್ರ್ಯಾಕ್ ಸಹ ಡಿಸ್ಕಿನಲ್ಲಿದೆ. ಸ್ನಾನದ ಮನೆಯ ದೃಶ್ಯದ ಆ ಚೀರುವ ವಯಲಿನ್‌ಗಳಿಗೆ ನಮ್ಮ ಆಯ್ಕೆ ಅದೇ. ಅಂದಹಾಗೆ, ಫೈಲಿನ ಹೆಸರಿನಲ್ಲಿ 5.1 ಎಂದು ಬರೆದಿದ್ದರೂ ಮೊಬೈಲ್‌ನ ಒಂದೆರಡು ಸ್ಪೀಕರ್‌ಗಳಿಂದ ಆರು ಕಡೆಯ ಸದ್ದು ಬರುವುದಿಲ್ಲ.

2020ರ ಡಿಸ್ಕಿನಲ್ಲಿ ಪಿಕ್ಸೆಲ್ ಲೆಕ್ಕಕ್ಕೆ ಸಿಗದ ಒಂದು ಲಾಭವೂ ಇದೆ. 1960ರ ನಂತರ ಅಮೆರಿಕದ ಪ್ರತಿಗಳಲ್ಲಿ ಕತ್ತರಿ ಬಿದ್ದಿದ್ದ ಕೆಲವೇ ಸೆಕೆಂಡುಗಳು ಅದರಲ್ಲಿ ಮರಳಿವೆ: ಮರಿಯನ್ ಬಟ್ಟೆ ಬದಲಿಸುವುದು, ರಕ್ತವಾದ ತನ್ನ ಕೈಗಳನ್ನು ನಾರ್ಮನ್ ನೋಡಿಕೊಳ್ಳುವುದು, ಪತ್ತೇದಾರ ಆರ್ಬೊಗಾಸ್ಟ್‌ಗೆ ಬೀಳುವ ಇನ್ನಷ್ಟು ಇರಿತಗಳು.